ಕಾಗದದಲ್ಲಿ ಇಲ್ಲದ ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಆಗ ಹೊತ್ತು ಎಷ್ಟಾಗಿತ್ತು, ನಿಮ್ಮ ಜೊತೆಗೆ ಯಾರಿದ್ದರು, ಆ ದಿನ ಏನು ಉಂಡಿದ್ದಿರಿ. ಮೂರಕ್ಕೂ ನೇರವಾಗಿ ಉತ್ತರ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಸಾಲಗುಂದದಲ್ಲಿರುವ ನನ್ನ ಹೆಂಡತಿಯ ಅಣ್ಣ, ತನ್ನ ಸತ್ತ ಎತ್ತು ಹೊಲದ ಬದುವಿನ ಮೇಲೆ ನಿಂತು ತನ್ನನ್ನು ನೋಡಿತೆಂದು ತುಂಬಿದ ಪಂಕ್ತಿಯಲ್ಲಿ ಹೇಳಿದಾಗಲೂ ಇವೇ ಮೂರು ಪ್ರಶ್ನೆ ಕೇಳಿ ಅವನ ಬಾಯಿ ಮುಚ್ಚಿಸಿದ್ದೆ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ನಾನೂ ಬಿಟ್ಟೆ. ಈಗ ಅಂಥದೇ ಒಂದನ್ನು ಬರೆಯಲು ನಾನೇ ಕುಳಿತಿರುವುದರಿಂದ, ಅವನಿಗೆ ಕೇಳಿದ್ದಕ್ಕೆಲ್ಲ ಮೊದಲು ನಾನು ಉತ್ತರ ಕೊಡುವುದು ನ್ಯಾಯ. ಹೊತ್ತು, ಯುಗಾದಿಯಾದ ಮೇಲಿನ ಒಂದು ಸೋಮವಾರದ ಮಧ್ಯಾಹ್ನ. ಜೊತೆಗಿದ್ದವರು ನಾಲ್ಕು ಜನ. ಉಂಡದ್ದು, ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಜ್ವರ ಇರಲಿಲ್ಲ. ನಿದ್ದೆ ಸಾಕಷ್ಟು ಆಗಿತ್ತು.

ನಮ್ಮದು ಮಸ್ಕಿಯಲ್ಲಿ ಅರಿವೆಯ ಅಂಗಡಿ. ಆಗ ನಿಜಾಮರ ಆಳಿಕೆ ಹೋಗಿ ಐದಾರು ವರ್ಷವಾಗಿತ್ತು. ಸಿಂಧನೂರಿನ ಕಡೆ ಕಾಲುವೆಗೆ ನೀರು ಬಿಟ್ಟಿದ್ದರು. ಜೋಳವನ್ನಷ್ಟೇ ಬಲ್ಲ ದಢೇಸುಗೂರಿನ ಹೊಲಗಳಲ್ಲಿ ಭತ್ತ ಹಚ್ಚತೊಡಗಿದ್ದರು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಶಂಕ್ರಮ್ಮ. ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಅಮರೇಶ ಸೈನ್ಯದಲ್ಲಿ ಕ್ಯಾಪ್ಟನ್. ಉತ್ತರದ ಗಡಿಯಲ್ಲಿ, ಮನೆಯವರಿಗೂ ಹೆಸರು ಹೇಳಬಾರದ ಯಾವುದೋ ಹಿಮದ ಬೆಟ್ಟದ ಮೇಲೆ ಅವನ ಠಾಣೆ.

ಅವನು ಕ್ಯಾಪ್ಟನ್ ಆದದ್ದು ಹೇಗೆಂಬುದನ್ನೂ ಹೇಳಬೇಕು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ವರ್ಷ ಅಪ್ಪನಿಗೆ ಅಂಗಡಿಯಲ್ಲಿ ಕೂಡಲು ಒಬ್ಬರು ಬೇಕಾಗಿತ್ತು. ಅಮರೇಶ ಏಳನೆಯದು ಮುಗಿಸಿದ ವರ್ಷ ಯಾರೂ ಬೇಕಾಗಿರಲಿಲ್ಲ, ಏಕೆಂದರೆ ಅಂಗಡಿಯಲ್ಲಿ ನಾನು ಕುಳಿತಿದ್ದೆ. ಹೀಗೆ ಅವನು ರಾಯಚೂರಿಗೆ ಹೋದ, ಅಲ್ಲಿಂದ ಹೈದರಾಬಾದಿಗೆ ಹೋದ, ಅಲ್ಲಿಂದ ಸೈನ್ಯಕ್ಕೆ ಹೋದ. ಚಿಕ್ಕಂದಿನಲ್ಲಿ ಲಿಂಗಸುಗೂರಿಗೆ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿಯ ಹಳೆಯ ದಂಡಿನ ಛಾವಣಿಯ ಬಯಲಿನಲ್ಲಿ ಕೋಲನ್ನು ಬಂದೂಕಿನಂತೆ ಹೆಗಲಿಗೇರಿಸಿ ನಡೆಯುತ್ತಿದ್ದವನು ಅವನು. ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಹಿಂದೆ ನಡೆಯುತ್ತಿದ್ದವನು ನಾನು. ಶಾಲೆಯಲ್ಲಿ ಅವನಿಗೆ ಕಲಿಸಿದ್ದೆಲ್ಲ ಉರ್ದು. ಕನ್ನಡದ ಅಕ್ಷರಗಳನ್ನು ಅಂಗಡಿ ಮುಚ್ಚಿದ ಮೇಲೆ, ಅರಿವೆ ಸುತ್ತಿ ಬಂದ ಕಾಗದದ ಮೇಲೆ, ಕೈ ಹಿಡಿದು ತಿದ್ದಿಸಿದವನು ನಾನು. ಆದ್ದರಿಂದ ಅವನ ಬರಹ ಕಂಡವರು ನನ್ನದೆಂದೇ ತಿಳಿಯುತ್ತಿದ್ದರು. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನೊಂದು, ಕರಡಿಗೆಯ ಸಂಗತಿ. ಕೊರಳಲ್ಲಿ ಧರಿಸುವ ಲಿಂಗವನ್ನಿಡಲು ಅಪ್ಪನಿಗೊಂದು ಬೆಳ್ಳಿಯ ಕರಡಿಗೆ ಇತ್ತು, ಅಜ್ಜನ ಕಾಲದ್ದು. ಅಪ್ಪನ ಲಿಂಗ ಅವನ ಅಂಗೈಯಲ್ಲೇ ಸಮಾಧಿಗೆ ಹೋಯಿತು. ಬರಿದಾದ ಕರಡಿಗೆ ಮನೆಯಲ್ಲಿ ಉಳಿಯಿತು. ಅದು ಹಿರಿಯ ಮಗನಿಗೆ ಬರತಕ್ಕದ್ದು. ನನ್ನ ಕೊರಳಲ್ಲಿದ್ದದ್ದು ಕಟ್ಟಿಗೆಯದು. ಅಮರೇಶ ಸೈನ್ಯಕ್ಕೆ ಹೊರಟ ಬೆಳಿಗ್ಗೆ ಅವ್ವ ಯಾರನ್ನೂ ಕೇಳದೆ ಬೆಳ್ಳಿಯ ಕರಡಿಗೆಯನ್ನು ದೇವರ ಜಗಲಿಯಿಂದ ತೆಗೆದು ಅವನ ಕೊರಳಿಗೆ ಕಟ್ಟಿದಳು. ನನ್ನ ಮುಖ ನೋಡಿ, "ನಿನಗ ಮನಿ ಐತಿ. ಅವಗ ಏನೈತಿ?" ಎಂದಳು. ಬಾಗಿಲಲ್ಲಿ ನಿಂತು, ತುಟಿ ಅಲುಗದ ಹಾಗೆ, ಮನಸ್ಸಿನೊಳಗೆ ಮಾತ್ರ ಒಂದು ಮಾತು ಹೇಳಿಕೊಂಡೆ: ಅದು ಅವನ ಕೊರಳಲ್ಲಿ ನಿಲ್ಲದಿರಲಿ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಇಂದು ಮೊದಲ ಸಲ ಬರೆಯುತ್ತಿದ್ದೇನೆ.

ಅವನ ಕಾಗದಗಳು ತಿಂಗಳಿಗೊಂದರಂತೆ ಬರುತ್ತಿದ್ದವು. ಲಕೋಟೆಯ ಮೇಲೆ ಬರೆದಿರುತ್ತಿದ್ದದ್ದು ನನ್ನ ಹೆಸರು. ಆದರೂ ಟಪಾಲಿನ ಖಾಸಿಂಸಾಬ ಅಂಗಡಿಯ ಮುಂದೆಯೇ ಹಾದುಹೋಗಿ, ಹಿಂದಿನ ಮನೆಯ ಬಾಗಿಲಿಗೆ ಹೋಗಿ ಅವ್ವನ ಕೈಗೇ ಕೊಡುತ್ತಿದ್ದ. ಕೇಳಿದರೆ, "ಸಾವ್ಕಾರ್ರ, ಹೆಸರು ನಿಮ್ದs ಇದ್ರೂ ದಾರಿ ಕಾಯೋರು ಅವ್ವಾರು ಅಲ್ರೀ" ಎನ್ನುತ್ತಿದ್ದ. ಅವ್ವ ಅದನ್ನು ಕೂಡಲೇ ಒಡೆಯಗೊಡುತ್ತಿರಲಿಲ್ಲ. ಜಗಲಿಯ ಮೇಲಿಟ್ಟು, ಲಕೋಟೆಗೆ ಮೂರು ಬೆರಳಿನ ವಿಭೂತಿ ಎಳೆದು, ಆಮೇಲೆ ನನ್ನ ಕೈಗೆ ಕೊಡುವಳು. ನಾನು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದಬೇಕು. ಖಾಸಿಂಸಾಬ ಮಜ್ಜಿಗೆ ಕುಡಿಯುತ್ತ ಕೇಳುವನು. ಪಕ್ಕದ ಮನೆಯ ಈರಮ್ಮತ್ತೆ ಮೊರದಲ್ಲಿ ಕಾಳು ತುಂಬಿಕೊಂಡು ಬಂದು, ಹಸನು ಮಾಡುತ್ತ ಕೇಳುವಳು. ಶಂಕ್ರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುವಳು. ಹದಿನೈದು ವರ್ಷ ಅಂಗಡಿ ನಡೆಸಿದ ನನ್ನ ಮಾತನ್ನು ಈ ನಾಲ್ವರೂ ಕೂಡಿ ಅಷ್ಟು ಗಮನವಿಟ್ಟು ಎಂದೂ ಕೇಳಿದವರಲ್ಲ.

ಕಾಗದಗಳಲ್ಲಿ ಯುದ್ಧದ ಮಾತೇ ಇರುತ್ತಿರಲಿಲ್ಲ. ಬೆಳಗಾದರೆ ಮುಖ ತೊಳೆಯುವ ನೀರು ತಂಬಿಗೆಯಲ್ಲೇ ಗಟ್ಟಿಯಾಗಿರುತ್ತದೆ, ಅದನ್ನು ಸ್ಟೋವಿನ ಮೇಲಿಟ್ಟು ಕರಗಿಸಿ ಅದರಲ್ಲೇ ಲಿಂಗಪೂಜೆ ಮುಗಿಸುತ್ತೇನೆ ಎಂದು ಬರೆಯುತ್ತಿದ್ದ. ಒದ್ದೆಯಾದ ಕಾಲುಚೀಲವನ್ನು ಅಂಗಿಯೊಳಗೆ, ಹೊಟ್ಟೆಗೆ ಹಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ಒಣಗಿರುತ್ತದಂತೆ. ಸಾಮಾನು ಹೊರುವ ಹೇಸರಗತ್ತೆಗಳಲ್ಲಿ ರಾಣಿ ಎಂಬುದೊಂದು ಇವನ ಚಹಾದ ಮಗ್ಗಿಗೆ ಬಾಯಿ ಹಾಕುತ್ತದಂತೆ. ಅವ್ವ ಡಬ್ಬಿಯಲ್ಲಿ ಕಳಿಸಿದ ಕಡಕ್ ರೊಟ್ಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಿಟ್ಟಾಗಿತ್ತು. ಅವನ ಸಿಪಾಯಿಗಳು ಅದನ್ನು ಶೇಂಗಾಪುಡಿಯೊಡನೆ ಕಲಸಿ ಚಮಚದಲ್ಲಿ ತಿಂದು, ಇದೇ ಮಸ್ಕಿಯ ಊಟವೆಂದು ತಿಳಿದರಂತೆ. ಸಂಜೆಗೆ ಎಲ್ಲರ ಬೂಟು ಬಿಚ್ಚಿಸಿ, ದೀಪ ಹಿಡಿದು, ಒಬ್ಬೊಬ್ಬರ ಪಾದದ ಬೆರಳು ಕಪ್ಪಾಗಿವೆಯೇ ಎಂದು ನೋಡುವುದು ಅವನ ಕೆಲಸ. ಅದನ್ನು ಕೇಳಿ ಅವ್ವನ ಕಣ್ಣಲ್ಲಿ ನೀರು ಬಂತು. "ಇನ್ನೊಬ್ರ ಪಾದ ಹಿಡೀತಾನ ನನ ಮಗ," ಎಂದಳು. ಊರಲ್ಲಿದ್ದಾಗ ತನ್ನ ಕಾಲು ತೊಳೆಯಲು ಸಹ ಅತ್ತಿಗೆ ನೀರು ತಂದಿಡಲೆಂದು ಕಾಯುತ್ತಿದ್ದವನು ಅವನೆಂಬುದು ಶಂಕ್ರಮ್ಮನಿಗೂ ನನಗೂ ಗೊತ್ತಿತ್ತು.

ಬೆಟ್ಟಕ್ಕೆ ಹೋದ ಮೇಲಿನ ಕಾಗದಗಳಲ್ಲಿ ಒಂದು ಹೊಸದು ಸೇರಿತ್ತು. ಕೊನೆಯಲ್ಲಿ, 'ಇಂತಿ ನಿಮ್ಮ ಅಮರೇಶ' ಎಂಬುದಕ್ಕೆ ಮೊದಲು, ಅವ್ವನೊಬ್ಬಳಿಗೇ ಬರೆದ ಒಂದು ಮಾತು ಇರುತ್ತಿತ್ತು. ಮೊದಲ ಕಾಗದದ್ದು ಹೀಗಿತ್ತು: 'ಅವ್ವಾ, ಇಲ್ಲಿ ಎಲ್ಲರೂ ನನ್ನನ್ನು ಸಾಹೇಬ ಎನ್ನುತ್ತಾರೆ. ಮಲಗುವ ಮುಂಚೆ, ನೀನು ಕರೆಯುವ ಹಾಗೆ, ನನ್ನ ಹೆಸರನ್ನು ನಾನೇ ಒಮ್ಮೆ ಕರೆದುಕೊಳ್ಳುತ್ತೇನೆ.' ಅಲ್ಲಿಗೆ ಬಂದಾಗ ನನ್ನ ನಾಲಿಗೆ ನಿಂತಿತು. ನಾನು ಅವ್ವನ ಎದುರಿಗೇ, ಮೂರು ಮೊಳ ದೂರದಲ್ಲಿ ಕುಳಿತಿದ್ದೇನೆ. ಹೊತ್ತಿಗೆ ಸರಿಯಾಗಿ ಅವಳ ಕಷಾಯ, ಅವಳ ಮೊಳಕಾಲಿನ ಎಣ್ಣೆ, ಅವಳ ಮುಕ್ಕುಂದದ ತವರಿಗೆ ಬಂಡಿ, ಎಲ್ಲ ನಾನು. ಇಂಥ ಮಾತನ್ನು ನಾನು ಆಡಿದರೆ ಅವ್ವ, ಇವಗೇನಾತು ಎಂದು ನಗುತ್ತಿದ್ದಳು. ದೂರ ಹೋದವನು ಆಡಿದರೆ ಸೆರಗು ಕಣ್ಣಿಗೆ ಹೋಗುತ್ತದೆ. ಅವನ ಆ ಮಾತನ್ನು ನನ್ನ ಬಾಯಿಂದ ಅವಳಿಗೆ ಕೊಡುವುದು ನನ್ನಿಂದ ಆಗಲಿಲ್ಲ. 'ಇಂತಿ ನಿಮ್ಮ ಅಮರೇಶ' ಎಂದು ಓದಿ ಮಡಿಚಿದೆ.

"ಅಷ್ಟ ಏನೋ?" ಎಂದಳು ಅವ್ವ.

"ಅಷ್ಟ," ಎಂದೆ.

ಹೀಗೆ ಹನ್ನೊಂದು ಕಾಗದಗಳಲ್ಲಿ ಹನ್ನೊಂದು ಮಾತು ಬಿಟ್ಟೆ. ಪ್ರತಿ ಸಲ ಅವ್ವ ಅದೇ ಕೇಳುವಳು, ನಾನು ಅದೇ ಹೇಳುವೆನು. ಬಿಟ್ಟವುಗಳಲ್ಲಿ ಒಂದು ನನ್ನನ್ನು ಬಹಳ ದಿನ ಚುಚ್ಚಿತು. ಸಿಪಾಯಿಗಳು ಮನೆಗೆ ಬರೆಯುವ ಕಾಗದಗಳನ್ನು ಮೊದಲು ಅಧಿಕಾರಿ ಓದಿ, ಠಾಣೆಯ ಗುರುತು ಸಿಗುವ ಮಾತುಗಳಿದ್ದರೆ ಮಸಿ ಬಳಿಯಬೇಕಂತೆ. ಆ ಕೆಲಸ ಅಮರೇಶನ ಪಾಲಿಗೆ ಬಂದಿತ್ತು. ಅವನು ಬರೆದಿದ್ದ: 'ಅವ್ವಾ, ಒಬ್ಬ ತನ್ನ ತಾಯಿಗೆ ಬರೆದದ್ದನ್ನು ನಡುವೆ ನಾನು ಕುಳಿತು ಹೊಡೆದುಹಾಕುತ್ತೇನೆ. ಇಲ್ಲಿಯ ಕೆಲಸಗಳಲ್ಲಿ ಇದೊಂದೇ ನನಗೆ ನಾಚಿಕೆ.' ಅವನು ತಿಳಿದು ಬರೆದನೋ, ತಿಳಿಯದೆ ಬರೆದನೋ ಎಂದು ಯೋಚಿಸುತ್ತ ಎರಡು ದಿನ ಅಂಗಡಿಯಲ್ಲಿ ಬಂದವರ ಮೇಲೆಲ್ಲ ಹರಿಹಾಯ್ದೆ. ತಿಳಿಯುವ ದಾರಿಯಿರಲಿಲ್ಲ. ಅವ್ವನ ಪರವಾಗಿ ಉತ್ತರ ಬರೆಯುತ್ತಿದ್ದವನೂ ನಾನೇ, ನನ್ನ ಪರವಾಗಿ ಒಂದು ಸಾಲನ್ನೂ ಬರೆದವನಲ್ಲ.

ಇನ್ನು ಆ ಸೋಮವಾರಕ್ಕೆ ಬರುತ್ತೇನೆ.

ಹನ್ನೆರಡನೆಯ ಕಾಗದ ಬಂತು. ವಿಭೂತಿ ಎಳೆದದ್ದಾಯಿತು. ನಾಲ್ವರೂ ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಹೊರಗೆ ಕೆಂಡದಂಥ ಬಿಸಿಲು. ನಾನು ಲಕೋಟೆ ಒಡೆಯುತ್ತಿರುವಾಗ ಈರಮ್ಮತ್ತೆ, "ಲಗೂನ ಓದಪಾ, ಆ ಕತ್ತಿಗಳು ಏನ್ ಮಾಡ್ಯಾವ ಕೇಳೂಣು," ಎಂದಳು.

"ಕತ್ತಿ ಅಲ್ಲತ್ತಿ, ಹೇಸರಗತ್ತಿ."

"ಯಾವುದಾದ್ರೇನು, ಒದಿಯಾದು ಒದೀತಾವಲ್ಲ!"

ಖಾಸಿಂಸಾಬ ನಕ್ಕು ಮಜ್ಜಿಗೆ ಚೆಲ್ಲಿಕೊಂಡ. ಇಷ್ಟು ವಿವರ ಏಕೆಂದರೆ, ಆ ಹೊತ್ತಿನಲ್ಲಿ ಪಡಸಾಲೆಯಲ್ಲಿ ಅಂಜಿಕೆಯದಾಗಲಿ ಶೋಕದ್ದಾಗಲಿ ಗಾಳಿಯೇ ಇರಲಿಲ್ಲ. ಕಾಗದ ಒಂದೇ ಹಾಳೆ, ಒಂದೇ ಮಗ್ಗುಲು, ಅದೂ ಅರ್ಧಕ್ಕೆ ಮುಗಿದಿತ್ತು. ಕೆಳಗೆ ಬಿಳಿ. ಹಿಮ ಮೆತ್ತಗಾಗುತ್ತಿದೆ, ನಡೆದರೆ ಸೊಂಟದ ತನಕ ಹೂತುಹೋಗುತ್ತೇವೆ, ರಾಣಿಗೆ ಕೆಮ್ಮು, ಹೀಗೆ ಇತ್ತು. ಕೊನೆಯಲ್ಲಿ ಅವ್ವನ ಮಾತು ಬಂತು: 'ಅವ್ವಾ, ರೊಟ್ಟಿಯ ಡಬ್ಬಿಯ ಮೂಲೆಯಲ್ಲಿ ನಿನ್ನ ಕೈಯ ಹಿಟ್ಟು ಇನ್ನೂ ಅಂಟಿದೆ, ತೊಳೆಯಗೊಟ್ಟಿಲ್ಲ.' ಅದನ್ನು ಬಿಟ್ಟು 'ಇಂತಿ'ಗೆ ಹಾರಬೇಕೆಂದು ನಾನು ಉಸಿರು ತೆಗೆದುಕೊಂಡೆ. ಹಾರಲಿಲ್ಲ. ಓದಿದೆ.

ಓದಿ ನಿಲ್ಲಲಿಲ್ಲ. ಅದರ ಕೆಳಗೆ ಬಿಳಿಯಿದ್ದ ಕಡೆ ಸಾಲುಗಳಿದ್ದವು. ನಾನು ಕಂಡೆ ಎಂದೇ ಬರೆಯುತ್ತೇನೆ. ಕಂಡಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ಬರಹ, ಅದೇ ನೀಲಿ ಮಸಿ. ಮೊದಲ ಕಾಗದದಲ್ಲಿ ನಾನು ಬಿಟ್ಟದ್ದು ಮೊದಲು, ಎರಡನೆಯದರಲ್ಲಿ ಬಿಟ್ಟದ್ದು ಆಮೇಲೆ, ಹೀಗೆ ಹನ್ನೊಂದೂ, ಬಂದ ಕ್ರಮದಲ್ಲೇ. ನನ್ನ ದನಿ ಎಲ್ಲಿಯೂ ತಡವರಿಸಲಿಲ್ಲ. ಸಿಪಾಯಿಗಳ ಕಾಗದಕ್ಕೆ ಮಸಿ ಬಳಿಯುವ ನಾಚಿಕೆಯ ಮಾತನ್ನೂ ಓದಿದೆ. ಓದುತ್ತಿರುವುದು ಗೊತ್ತಿತ್ತು, ನಿಲ್ಲಿಸುವುದು ಗೊತ್ತಿರಲಿಲ್ಲ. ಈರಮ್ಮತ್ತೆಯ ಮೊರದ ಸದ್ದು ನಿಂತುಹೋಯಿತು. ಹನ್ನೊಂದು ಮುಗಿದ ಮೇಲೆ ಮತ್ತೊಂದು ಇತ್ತು. ಅದು ಯಾವ ಕಾಗದದಲ್ಲಿಯೂ ಇದ್ದದ್ದಲ್ಲ. ನಾನು ಅದನ್ನು ಮೊದಲ ಸಲ ನೋಡುತ್ತ, ಮೊದಲ ಸಲ ಓದಿದೆ:

'ಅವ್ವಾ, ಅಪ್ಪನ ಕರಡಿಗೆ ನನ್ನ ಕೊರಳಲ್ಲಿ ನಿಲ್ಲಲಿಲ್ಲ. ಲಿಂಗ ಹೋಯಿತು. ಮೂರು ದಿನವಾಯಿತು, ಉಂಡಿಲ್ಲ.'

ಕೊರಳಿನ ಲಿಂಗ ಕಳೆದರೆ, ಅದು ಸಿಗುವ ತನಕ ಇಲ್ಲವೆ ಗುರುಗಳು ಬೇರೊಂದು ಕಟ್ಟುವ ತನಕ ನಮ್ಮ ಮನೆಗಳಲ್ಲಿ ಬಾಯಿಗೆ ಅನ್ನ ಹಾಕುವುದಿಲ್ಲ. ಹಿಮದ ಬೆಟ್ಟದ ಮೇಲೆ ಗುರುಗಳು ಎಲ್ಲಿಂದ ಬರಬೇಕು? ಅವ್ವ ಎದ್ದು ನಿಂತಳು. ಖಾಸಿಂಸಾಬ ಮಜ್ಜಿಗೆಯ ಲೋಟ ಕೆಳಗಿಟ್ಟ.

"ಎಪ್ಪಾ, ಆ ಕಡೀ ಮಾತು ಇನ್ನೊಮ್ಮೆ ಓದು," ಎಂದಳು ಅವ್ವ.

ನಾನು ಕಾಗದ ನೋಡಿದೆ. ಡಬ್ಬಿಯ ಮಾತು, ಅದರ ಕೆಳಗೆ 'ಇಂತಿ ನಿಮ್ಮ ಅಮರೇಶ', ಅದರ ಕೆಳಗೆ ಬಿಳಿ. ತಿರುಗಿಸಿ ನೋಡಿದೆ. ಲಕೋಟೆ ಜಾಡಿಸಿದೆ.

"ಇಲ್ಲ," ಎಂದೆ.

"ಏನ್ ಇಲ್ಲ?"

"ಕರಡಿಗಿ ಮಾತು ಇಲ್ಲವ್ವ. ಕಾಗದದಾಗ ಇಲ್ಲ."

"ಈಗ ಓದಿದೆಲ್ಲೋ!"

"ಓದಿದೆ. ಆದ್ರ ಇಲ್ಲ."

ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಇದ್ದದ್ದನ್ನ ಇಲ್ಲ ಅನ್ನಾದು ನಿನಗೇನ್ ಹೊಸಾದಲ್ಲ ಬಿಡು. ನೀ 'ಅಷ್ಟ' ಅಂದಾಗ ನಿನ ಕಣ್ಣು ಇನ್ನಾ ಓದಾಕತ್ತಿರತಾವ. ನಾ ಅಕ್ಷರ ಓದಾಂಗಿಲ್ಲ, ನಿನ್ನ ಓದತೀನಿ. ಇಷ್ಟು ದಿನ ಸುಮ್ಮನಿದ್ದೆ. ಇವತ್ತ ಸುಮ್ಮನಿರಾಂಗಿಲ್ಲ."

ಶಂಕ್ರಮ್ಮ ಕೇಳಿದ್ದಳು, ಈರಮ್ಮತ್ತೆ ಕೇಳಿದ್ದಳು, ಖಾಸಿಂಸಾಬ ಕೇಳಿದ್ದ. ಮೂವರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿದೆ. ಮೂವರೂ ಅದೇ ಮಾತನ್ನು ಹೇಳಿದರು, ಕರಡಿಗೆ ನಿಲ್ಲಲಿಲ್ಲ ಎಂಬುದನ್ನೂ ಸೇರಿಸಿ. ಸಂಜೆಗೆ ಶಾಲೆಯ ಮಾಸ್ತರನ್ನು ಕರೆತಂದು ಅವ್ವನ ಮುಂದೆ ಕಾಗದ ಓದಿಸಿದೆ. ಅವರು ಡಬ್ಬಿಯ ಮಾತಿಗೆ ಬಂದು, ಇಂತಿ ಎಂದು ನಿಲ್ಲಿಸಿದರು. ಅವ್ವ ಅವರಿಗೆ ಕೈ ಮುಗಿದು, "ನೀವೂ ಅವನ ಅಂಗಡ್ಯಾಗ ಅರಿವಿ ತಗೊಂತೀರಿ ಅಲ್ರೀ ಮಾಸ್ತರ," ಎಂದು ಒಳಗೆ ಹೋದಳು. ಆ ಮಾತನ್ನು ಮಾಸ್ತರು ಮರೆತಿರಬಹುದು.

ಆ ಸಂಜೆಯಿಂದ ಅವ್ವ ಉಣ್ಣುವುದನ್ನು ಬಿಟ್ಟಳು. ಮಗ ಉಂಡ ಸುದ್ದಿ ಬರುವ ತನಕ ನೀರೊಂದೇ. ಮಠದ ಅಯ್ಯನವರು ಬಂದು, ಸೈನ್ಯದಲ್ಲಿದ್ದವನಿಗೆ ಈ ನಿಯಮ ಇಷ್ಟು ಬಿಗಿಯಲ್ಲ ತಾಯಿ ಎಂದರು. "ಅದನ್ನ ಅವಗ ಹೋಗಿ ಹೇಳಿಬರ್ರಿ, ಅವ ಉಣ್ಣಲಿ, ನಾ ಉಣತೀನಿ," ಎಂದಳು. ನಾನು ಮರುದಿನ ಲಿಂಗಸುಗೂರಿಗೆ ಹೋಗಿ ತಾರು ಮಾಡಿದೆ. ಕಾಗದದಲ್ಲಿ ಇಲ್ಲದ ಸಂಗತಿಯನ್ನು ಕೇಳಲು ನಾಚಿಕೆಯಾಗಿ, ಲಿಂಗದ ಹೆಸರಾಗಲಿ ಅವ್ವನ ಉಪವಾಸವಾಗಲಿ ಎತ್ತದೆ, 'ಕ್ಷೇಮವೇ, ಕೂಡಲೇ ತಿಳಿಸು' ಎಂದಷ್ಟೇ ಬರೆಸಿ ಕೆಳಗೆ ನನ್ನ ಹೆಸರು ಹಾಕಿಸಿದೆ. ತಾರಿನ ನಕಲನ್ನು ಜೋಪಾನವಾಗಿ ಇಟ್ಟಿದ್ದೇನೆ.

ಆ ದಿನಗಳ ನನ್ನ ಮನಸ್ಸನ್ನು ಮುಚ್ಚಿಡುವುದಿಲ್ಲ. ತಮ್ಮನಿಗೆ ಏನಾಯಿತೋ ಎಂಬ ಭಯಕ್ಕಿಂತ ಬೇರೊಂದು ಉರಿ ದೊಡ್ಡದಾಗಿತ್ತು. ನನಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದಾಗ ಅವ್ವ ಕಷಾಯ ಕೊಟ್ಟಳು, ಹಣೆ ಒರೆಸಿದಳು, ಹೊತ್ತಿಗೆ ಸರಿಯಾಗಿ ಊಟ ಮಾಡಿದಳು. ಈಗ ಸಾವಿರ ಮೈಲಿ ಆಚೆಗಿರುವವನಿಗಾಗಿ, ಬರೆಯದೇ ಇದ್ದ ಒಂದು ಮಾತಿಗಾಗಿ, ಗೋಡೆಗೆ ಒರಗಿ ಕುಳಿತಿದ್ದಾಳೆ. ನನಗಾಗಿ ಯಾರೂ ಒಂದು ಹೊತ್ತು ಬಿಟ್ಟವರಿಲ್ಲ. ಶಂಕ್ರಮ್ಮ ನನಗೆ ತಾಟು ಇಟ್ಟಳು. ಅವ್ವನ ಎದುರಿಗೇ ಕುಳಿತು ನಾನು ಉಂಡೆ, ಎರಡು ಹೊತ್ತೂ, ಮೂರು ದಿನವೂ. "ಹೊಟ್ಟಿ ತುಂಬ ಉಣ್ಣಪಾ," ಎಂದಳು ಅವ್ವ. ಅಷ್ಟು ಮೆತ್ತಗೆ ಹೇಳಿದ್ದನ್ನು ಸಹ ನಾನು ಚುಚ್ಚುಮಾತೆಂದೇ ಹಿಡಿದೆ.

ನಾಲ್ಕನೆಯ ದಿನ, ಮಧ್ಯಾಹ್ನದ ಮುಂಚೆಯೇ, ಖಾಸಿಂಸಾಬ ತಾರು ತಂದ. ಈ ಸಲ ಅಂಗಡಿಗೇ ಬಂದು ನನ್ನ ಕೈಗೇ ಕೊಟ್ಟ. ಇಂಗ್ಲಿಷಿನಲ್ಲಿತ್ತು, ಮಾಸ್ತರು ಬಿಡಿಸಿ ಹೇಳಿದರು. 'ಕ್ಷೇಮ. ಸಿಕ್ಕಿತು. ಅವ್ವ ಉಣ್ಣಲಿ.'

ನಾನು ಕೇಳದ ಎರಡಕ್ಕೆ ಅವನು ಉತ್ತರ ಕೊಟ್ಟಿದ್ದ. ಅವ್ವನಿಗೆ ಓದಿ ಹೇಳಿದಾಗ ಆಕೆ ಅಚ್ಚರಿಪಡಲಿಲ್ಲ. ಸ್ನಾನ ಮಾಡಿ, ಪೂಜೆ ಮುಗಿಸಿ, ಒಂದು ಬಟ್ಟಲು ನುಚ್ಚು ಮಜ್ಜಿಗೆ ಉಂಡಳು.

ಅಮರೇಶ ಆ ವರ್ಷದ ಕೊನೆಗೆ ರಜೆಯ ಮೇಲೆ ಬಂದ. ಮೊದಲಿಗಿಂತ ಕಪ್ಪಾಗಿದ್ದ, ಮಾತು ಕಡಿಮೆಯಾಗಿತ್ತು. ಬಂದ ದಿನವೇ ಓಣಿಯವರೆಲ್ಲ ಸೇರಿದರು. ಕುರ್ಚಿ ಅವನಿಗೆ, ಚಾಪೆ ನನಗೆ. ಎಲ್ಲರೂ ಎದ್ದುಹೋದ ಮೇಲೆ ನಾನು ಕೇಳಿದೆ. ಅವನು ಹೇಳಿದ್ದು ಇಷ್ಟು. ಹಿಮ ಕುಸಿದು ಒಂದು ಹೇಸರಗತ್ತೆ ಸಾಮಾನಿನೊಡನೆ ಹೂತುಹೋಗಿತ್ತು. ಅದನ್ನು ಎಳೆದು ತೆಗೆಯುವಾಗ ಕರಡಿಗೆ ಕಟ್ಟಿದ್ದ ಶಿವದಾರ ಹರಿದಿದೆ, ಅವನಿಗೆ ಅರಿವಾಗಿಲ್ಲ. ಮೂರು ದಿನ ಹುಡುಕಿದರು. ನಾಲ್ಕನೆಯ ಸಂಜೆ ರಾಣಿಯ ಕಾಳಿನ ಚೀಲದ ತಳದಲ್ಲಿ ಅವನ ಅರ್ದಲಿ ಸಿಪಾಯಿಗೆ ಅದು ಸಿಕ್ಕಿತು. ಅದು ಸೋಮವಾರ. ನಾನು ಕಾಗದ ಓದಿದ ಸೋಮವಾರ. ಆ ಕಾಗದವನ್ನೋ ಅವನು ಅದಕ್ಕೆ ಹತ್ತು ದಿನ ಮೊದಲೇ ಬರೆದು ಟಪಾಲಿಗೆ ಹಾಕಿದ್ದ. ಬರೆಯುವಾಗ ಕರಡಿಗೆ ಕೊರಳಲ್ಲೇ ಇತ್ತು.

"ಅರ್ಧಾ ಹಾಳಿ ಯಾಕ ಬಿಟ್ಟಿದ್ದಿ?" ಎಂದೆ.

"ಟಪಾಲಿನ ಕತ್ತಿ ಹೊಂಟಿತ್ತಣ್ಣ. ಗಡಬಡಿಯೊಳಗ ಮುಗಿಸಿದೆ."

"ಮತ್ತ ಅವ್ವ ಉಣ್ಣಲಿ ಅಂತ ತಾರು ಮಾಡಿದೆಲ್ಲ, ನಾ ಅದನ್ನ ಕೇಳಿದ್ದಿಲ್ಲ."

ಅವನು ನಕ್ಕ. "ಮನಿ ಬಿಟ್ಟಾಗಿಂದ ನಿನ ಹೆಸರಲೆ ನನಗ ಒಂದು ಕಾರ್ಡ ಬಂದಿದ್ದಿಲ್ಲ. ಒಮ್ಮೆಲೆ ತಾರು ಬಂತು. ಅವ್ವಗ ಹೆಂಗೋ ತಿಳಿದೈತಿ, ಉಪವಾಸ ಕುಂತಾಳ, ಇಲ್ಲಂದ್ರ ನಮ್ಮಣ್ಣ ಲಿಂಗಸುಗೂರಿಗೆ ಹೋಗಾಂವಲ್ಲ ಅನಕೊಂಡೆ."

ಹೀಗೆ ಅರ್ಧಕ್ಕೆ ಕಾರಣ ಸಿಕ್ಕಿತು. ಒಪ್ಪುವಂಥ ಕಾರಣ, ನನಗೆ ಹಿತವಲ್ಲದ ಕಾರಣ. ಉಳಿದರ್ಧಕ್ಕೆ ಸಿಗಲಿಲ್ಲ. ಬಿಟ್ಟ ಹನ್ನೊಂದು ಮಾತುಗಳು ನನ್ನ ನೆನಪಿನಲ್ಲಿದ್ದವು, ನಾನು ಯಾವುದನ್ನೂ ಮರೆಯುವವನಲ್ಲ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು ಎಂದರೆ ಒಪ್ಪಿಯೇನು. ಹನ್ನೆರಡನೆಯದು ಎಲ್ಲಿಂದ ಬಂತು? 'ನಿಲ್ಲಲಿಲ್ಲ' ಎಂಬುದು ನನ್ನ ಮಾತು, ಬಾಗಿಲಲ್ಲಿ ನಿಂತು ನನ್ನೊಳಗೆ ಮಾತ್ರ ಆಡಿದ ಮಾತು. ಅವನ ಹೆಸರಿನಲ್ಲಿ, ಅವನ ಮಸಿಯಲ್ಲಿ, ನನ್ನದೂ ಆಗಿರಬಹುದಾದ ಅಕ್ಷರದಲ್ಲಿ ಅದು ನನ್ನ ಮುಂದೆ ಬಂದು ಹೇಗೆ ನಿಂತಿತು? ಅಮರೇಶನನ್ನು ಕೇಳಬಹುದಾಗಿತ್ತು. ಕೇಳಬೇಕಾದರೆ, ಅಂದು ಬೆಳಿಗ್ಗೆ ನಾನು ಏನು ಅಂದುಕೊಂಡಿದ್ದೆನೆಂದು ಮೊದಲು ಹೇಳಬೇಕಾಗಿತ್ತು.

ರಜೆ ಮುಗಿಸಿ ಹೊರಡುವ ದಿನ ಅವನು ಬೆಳ್ಳಿಯ ಕರಡಿಗೆಯನ್ನು ನನ್ನ ಮುಂದಿಟ್ಟ. ಲಿಂಗವನ್ನು ಬಿಳಿಯ ಅರಿವೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದ. "ಇದು ನಿಂದಣ್ಣ. ಅವತ್ತೂ ನಿಂದs ಇತ್ತು," ಎಂದ. ಅವ್ವ ಕಂಬದ ಹತ್ತಿರ ನಿಂತಿದ್ದಳು. ಅಷ್ಟು ವರ್ಷ ನನ್ನದಾಗಬೇಕೆಂದು ಉರಿದದ್ದನ್ನು ಮುಟ್ಟಲು ನನಗೆ ಕೈ ಬರಲಿಲ್ಲ. ಬೇಡ ಎಂದೆ. ಅಣ್ಣನಿಗೆ ಇನ್ನೂ ಸಿಟ್ಟು ಹೋಗಿಲ್ಲವೆಂದು ಅವನು ತಿಳಿದುಕೊಂಡು ಹೋದ. ಕರಡಿಗೆ ಜಗಲಿಯ ಮೇಲೆ ಬರಿದಾಗಿಯೇ ಉಳಿಯಿತು.

ಆಮೇಲೆ ಅವನ ಕಾಗದಗಳು ಅನೇಕ ವರ್ಷ ಬಂದವು. ಒಂದು ಅಕ್ಷರವನ್ನೂ ಬಿಡದೆ ಓದಿದೆ, ಅವ್ವನಿಗೆ ಬರೆದದ್ದನ್ನು ನಿಧಾನವಾಗಿ, ಎರಡೆರಡು ಸಲ ಓದಿದೆ. ಮುಗಿದ ಮೇಲೆ ಅವ್ವ ಮೊದಲಿನಂತೆಯೇ ಕೇಳುವಳು, "ಅಷ್ಟ ಏನೋ?" "ಅಷ್ಟ, ಅವ್ವ," ಎನ್ನುವೆನು, ಈಗ ನಿಜವನ್ನೇ. ಆಕೆ ಕೈ ನೀಡಿ ಕಾಗದ ಈಸಿಕೊಂಡು, ಒಂದು ಅಕ್ಷರವೂ ಬಾರದ ತನ್ನ ಕಣ್ಣಿನಿಂದ, ಕೆಳಗೆ ಬಿಳಿ ಉಳಿದ ಕಡೆಯನ್ನು ನೋಡಿ, ಆಮೇಲೆ ಮಡಿಚುವಳು. ತೀರಿಕೊಳ್ಳುವ ತಿಂಗಳಿನ ತನಕ ಹೀಗೆಯೇ ಮಾಡಿದಳು. ನನಗಾದ ಅವಮಾನಗಳಲ್ಲಿ ಇದನ್ನು ಯಾರ ಹೆಸರಿಗೆ ಹಚ್ಚಬೇಕೆಂದು ನನಗೆ ತಿಳಿದಿಲ್ಲ.

ಆ ಹನ್ನೆರಡನೆಯ ಕಾಗದ ನನ್ನ ಹತ್ತಿರ ಇದೆ. ಮಡಿಕೆಯಲ್ಲಿ ಹರಿದಿದೆ, ಲಕೋಟೆಯ ಮೇಲಿನ ವಿಭೂತಿಯ ಮೂರು ಗೆರೆ ಮಾಸಿಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ, ಹಗಲಿನ ಬೆಳಕಿನಲ್ಲಿ, ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಡಬ್ಬಿಯ ಮಾತಾಯಿತು, ಇಂತಿ ನಿಮ್ಮ ಅಮರೇಶ ಎಂದಾಯಿತು. ಕೆಳಗಿನ ಬಿಳಿಯನ್ನು ನೋಡುತ್ತ ಬಹಳ ಹೊತ್ತು ಕುಳಿತೆ. ಏನೂ ಬರಲಿಲ್ಲ. "ಅಷ್ಟ," ಎಂದು ಹೇಳಿ, ಮಡಿಚಿ, ಜಗಲಿಯ ಮೇಲೆ ಕರಡಿಗೆಯ ಪಕ್ಕದಲ್ಲಿಟ್ಟೆ.